ಹಲ್ಲಿಗೆ ವಿಮೆಯಿಲ್ಲ, ಅಮ್ಮನಿಗೆ ಬಿಡುವಿಲ್ಲ

ಲಾಸ್ ಏಂಜಲೀಸ್‌ನ ಮಕ್ಕಳ ಆಸ್ಪತ್ರೆ. ಹಲ್ಲು ಶುಚಿ ಮಾಡುವ ಕೋಣೆಯೊಂದರಲ್ಲಿ ತಲೆಯ ಮೇಲಿನ ದೀಪಗಳನ್ನು ಮಂದ ಮಾಡಿದ್ದಾರೆ. ಚಾವಣಿಯ ಮೇಲೆ ಬಣ್ಣದ ಆಕೃತಿಗಳು ನಿಧಾನವಾಗಿ ತೇಲುತ್ತಿವೆ, ಹಿನ್ನೆಲೆಯಲ್ಲಿ ಮೆಲುದನಿಯ ಸಂಗೀತ. ಕುರ್ಚಿಗೆ ಹಾಸಿರುವ ಬಟ್ಟೆಗೆ ಚಿಟ್ಟೆಯ ಹಾಗೆ ಎರಡು ರೆಕ್ಕೆ. ಅವನ್ನು ಎರಡೂ ಕಡೆಯಿಂದ ಎಳೆದು ಸುತ್ತಿದರೆ ಮಗುವಿಗೆ ಯಾರೋ ಗಟ್ಟಿಯಾಗಿ ತಬ್ಬಿಕೊಂಡ ಅನುಭವ. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಕ್ಯುಪೇಷನಲ್ ಥೆರಪಿ ಸಂಶೋಧಕರಾದ ಶಾರನ್ ಸರ್ಮಾಕ್, ಲೀಯಾ ಸ್ಟೈನ್ ಡ್ಯೂಕರ್ ಮತ್ತು ಸಂಗಡಿಗರು ಆಟಿಸಂ ಇರುವ 162 ಮಕ್ಕಳನ್ನು ಒಮ್ಮೆ ಮಾಮೂಲಿ ಕೋಣೆಯಲ್ಲಿ, ಇನ್ನೊಮ್ಮೆ ಇಂಥ ಕೋಣೆಯಲ್ಲಿ ಕೂರಿಸಿ ಹಲ್ಲು ಶುಚಿ ಮಾಡಿಸಿದರು. ಬೆವರಿನ ಗ್ರಂಥಿಗಳ ಮೂಲಕ ಮೈಯ ಒತ್ತಡವನ್ನು ಅಳೆದರು, ಮಕ್ಕಳ ಚಡಪಡಿಕೆಯನ್ನು ವಿಡಿಯೊದಲ್ಲಿ ಗಮನಿಸಿದರು. 2023ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಗೊಂದಲವೇನೂ ಇರಲಿಲ್ಲ. ಮಂದ ಬೆಳಕಿನ ಕೋಣೆಯಲ್ಲಿ ಮಕ್ಕಳ ಒತ್ತಡವೂ ಕಡಿಮೆ, ಒದ್ದಾಟವೂ ಕಡಿಮೆ.

ಹೊಸ ಔಷಧಿಯೂ ಬೇಕಾಗಲಿಲ್ಲ, ಕೋಟಿ ಬೆಲೆಯ ಯಂತ್ರವೂ ಬೇಕಾಗಲಿಲ್ಲ. ಹಾಗಿದ್ದೂ ಇಂಥ ಕೋಣೆಗಳು ಅಮೆರಿಕದಲ್ಲಿ ಅಪರೂಪ.

ಈ ಕೊರತೆ ತಟ್ಟುವವರಲ್ಲಿ ಹಿಸ್ಪಾನಿಕ್, ಅಂದರೆ ಸ್ಪ್ಯಾನಿಷ್ ಭಾಷೆಯ ನಾಡುಗಳಲ್ಲಿ ಬೇರಿರುವ, ಕುಟುಂಬಗಳೂ ಇವೆ. ಲಾಸ್ ಏಂಜಲೀಸ್ ಕೌಂಟಿಯ ಜನಸಂಖ್ಯೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಹಿಸ್ಪಾನಿಕ್ ಮೂಲದವರು. 2020ರ ಜನಗಣತಿಯ ಪ್ರಕಾರ ಇಡೀ ದೇಶದಲ್ಲಿ ಅವರು 6.21 ಕೋಟಿ. ಹೆಸರು ಒಂದೇ ಆದರೂ ಜನ ಒಂದೇ ಅಲ್ಲ. ಮೆಕ್ಸಿಕೊದಿಂದ ಬಂದು ದ್ರಾಕ್ಷಿ ತೋಟದಲ್ಲಿ ದುಡಿಯುವವರು, ಹುಟ್ಟಿನಿಂದಲೇ ಅಮೆರಿಕದ ಪೌರರಾದ ಪೋರ್ಟೊ ರಿಕೊದವರು, ಮಯಾಮಿಯಲ್ಲಿ ನೆಲೆಯೂರಿದ ಕ್ಯೂಬನ್ನರು, ಎಲ್ ಸಾಲ್ವಡಾರ್‌ನ ಯುದ್ಧದಿಂದ ತಪ್ಪಿಸಿಕೊಂಡು ಬಂದವರ ಮಕ್ಕಳು, ಎಲ್ಲರೂ ಇದರೊಳಗೇ. ಬ್ರಾಂಕ್ಸ್, ಶಿಕಾಗೊ, ಮಯಾಮಿ, ಸ್ಯಾನ್ ಡಿಯಾಗೊ ನಗರಗಳಲ್ಲಿ 2008ರಿಂದ 2011ರವರೆಗೆ 16 ಸಾವಿರಕ್ಕೂ ಹೆಚ್ಚು ಹಿಸ್ಪಾನಿಕ್ ವಯಸ್ಕರ ಆರೋಗ್ಯ ತಪಾಸಣೆ ಮಾಡಿದ ದೊಡ್ಡ ಅಧ್ಯಯನವೊಂದು ಬಾಯಿಯನ್ನೂ ತೆರೆಸಿ ನೋಡಿತು. ಸುಮಾರು ಅರ್ಧದಷ್ಟು ಮಂದಿಗೆ ವಸಡಿನ ರೋಗವಿತ್ತು. ಯಾವ ದೇಶದ ಮೂಲ ಎಂಬುದರ ಮೇಲೆ ಪ್ರಮಾಣ ಬದಲಾಗುತ್ತಿತ್ತು. ಮಕ್ಕಳ ಲೆಕ್ಕವೂ ಹೀಗೆಯೇ. 2ರಿಂದ 19 ವರ್ಷದ ಹಿಸ್ಪಾನಿಕ್ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಒಂದಲ್ಲ ಒಂದು ಹಲ್ಲು ಹುಳುಕಾಗಿದೆ ಅಥವಾ ಹುಳುಕಾಗಿ ತುಂಬಿಸಿಕೊಂಡಿದೆ. ಬೇರೆ ಸಮುದಾಯಗಳ ಮಕ್ಕಳಿಗೆ ಹೋಲಿಸಿದರೆ ಇದು ಹೆಚ್ಚು.

ಇದರ ಮೇಲೆ ಅಂಗವೈಕಲ್ಯವೂ ಸೇರಿದರೆ?

ಹಲವು ಅಂಗವೈಕಲ್ಯಗಳು ಬಾಯಿಯೊಳಗೂ ತಮ್ಮ ಗುರುತು ಬಿಡುತ್ತವೆ. ಡೌನ್ ಸಿಂಡ್ರೋಮ್ ಇರುವವರಿಗೆ ಹಲ್ಲು ತಡವಾಗಿ ಹುಟ್ಟುತ್ತದೆ, ಕೆಲವು ಹುಟ್ಟುವುದೇ ಇಲ್ಲ. ಹುಳುಕು ಅಷ್ಟಾಗಿ ಕಾಡದಿದ್ದರೂ ವಸಡಿನ ರೋಗ ಎಳೆಯ ವಯಸ್ಸಿನಲ್ಲೇ ಬಂದು, ಗಟ್ಟಿಮುಟ್ಟಾದ ಹಲ್ಲುಗಳೂ ಅಲ್ಲಾಡತೊಡಗುತ್ತವೆ. ಸೆರೆಬ್ರಲ್ ಪಾಲ್ಸಿ ಇರುವವರಲ್ಲಿ ಹಲವರು ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆ. ಹೊಟ್ಟೆಯ ಆಮ್ಲ ಮೇಲೆ ಬಂದು ಹಲ್ಲಿನ ಹೊಳಪಿನ ಪದರವನ್ನು ಸವೆಸುತ್ತದೆ. ಬ್ರಷ್ ನಾಲಿಗೆಯ ಹಿಂಭಾಗಕ್ಕೆ ತಾಗಿದರೆ ಸಾಕು, ವಾಕರಿಕೆ. ಮೂರ್ಛೆರೋಗಕ್ಕೆ ಕೊಡುವ ಫೆನಿಟೊಯಿನ್ ಮಾತ್ರೆಯಿಂದ ವಸಡು ಊದಿ ಹಲ್ಲುಗಳನ್ನೇ ಮುಚ್ಚಿಬಿಡುವುದುಂಟು. 1930ರ ದಶಕದಿಂದಲೂ ವೈದ್ಯರಿಗೆ ಗೊತ್ತಿರುವ ಸಂಗತಿಯಿದು. ಮನೋರೋಗದ ಮಾತ್ರೆಗಳು ಬಾಯಿ ಒಣಗಿಸುತ್ತವೆ. ಎಂಜಲಿಲ್ಲದ ಬಾಯಿಯಲ್ಲಿ ಹುಳುಕಿಗೆ ತಡೆಯೇ ಇಲ್ಲ. ಮಾತ್ರೆ ನುಂಗಲಾಗದ ಮಗುವಿಗೆ ದಿನಕ್ಕೆ ಮೂರು ಸಲ ಕೊಡುವ ಸಿರಪ್ಪಿನ ತುಂಬ ಸಕ್ಕರೆ. ನುಂಗುವುದೇ ಕಷ್ಟವಾದವರಲ್ಲಿ ಹಲ್ಲಿನ ಕೊಳೆಯಲ್ಲಿರುವ ಬ್ಯಾಕ್ಟೀರಿಯಾ ಉಸಿರಿನ ದಾರಿ ಹಿಡಿದು ಶ್ವಾಸಕೋಶಕ್ಕಿಳಿದರೆ ನ್ಯುಮೋನಿಯಾ.

ಎಲ್ಲಕ್ಕಿಂತ ಕಷ್ಟದ ವಿಷಯವೆಂದರೆ ನೋವು. ಮಾತು ಬಾರದ ಹುಡುಗನೊಬ್ಬ ಹಲ್ಲುನೋವನ್ನು ಹೇಗೆ ಹೇಳಬೇಕು? ಊಟ ತಳ್ಳುತ್ತಾನೆ, ಗೋಡೆಗೆ ತಲೆ ಬಡಿದುಕೊಳ್ಳುತ್ತಾನೆ, ಹತ್ತಿರ ಬಂದವರನ್ನು ಕಚ್ಚುತ್ತಾನೆ. ಶಾಲೆಯವರ ವರದಿಯಲ್ಲಿ ಅದು ‘ವರ್ತನೆಯ ಸಮಸ್ಯೆ’ ಆಗುತ್ತದೆ. ವೈದ್ಯರು ಮನಸ್ಸನ್ನು ಶಾಂತಗೊಳಿಸುವ ಮಾತ್ರೆ ಬರೆಯುತ್ತಾರೆ. ಆ ಮಾತ್ರೆಯಿಂದ ಬಾಯಿ ಒಣಗಿ ಹುಳುಕು ಇನ್ನಷ್ಟು ಆಳಕ್ಕಿಳಿಯುತ್ತದೆ. ದವಡೆಯೊಳಗಿನ ಕೀವನ್ನು ಯಾರೂ ನೋಡಿರುವುದಿಲ್ಲ. ಕಾಯಿಲೆ ಏನೇ ಬಂದರೂ ಎಲ್ಲವನ್ನೂ ಅಂಗವೈಕಲ್ಯದ ಲೆಕ್ಕಕ್ಕೆ ಬರೆದುಬಿಡುವ ಈ ಚಾಳಿಯನ್ನು ಅಂಗವಿಕಲರ ಸಂಘಟನೆಗಳು ಬಹುಕಾಲದಿಂದ ದೂರುತ್ತ ಬಂದಿವೆ. ಮನೆಯ ಮಾತು ಸ್ಪ್ಯಾನಿಷ್, ಆಸ್ಪತ್ರೆಯ ಮಾತು ಇಂಗ್ಲಿಷ್ ಆದರೆ ತಪ್ಪು ದಾರಿ ಹಿಡಿಯುವುದು ಇನ್ನೂ ಸುಲಭ. ಮಗನ ಈ ಅಳು ದಿನನಿತ್ಯದ ಅಳುವಲ್ಲ ಎಂದು ಅಮ್ಮನಿಗೆ ಗೊತ್ತು. ಅದನ್ನು ಹತ್ತು ನಿಮಿಷದ ಭೇಟಿಯಲ್ಲಿ ದಾಟಿಸಲು ಆಕೆ ಜೊತೆಗೆ ಕರೆತಂದಿರುವುದು ಹನ್ನೊಂದು ವರ್ಷದ ಮಗಳನ್ನು.

ಮಕ್ಕಳನ್ನು ದುಭಾಷಿಗಳಾಗಿ ಬಳಸಬಾರದು ಎಂದು ಕಾನೂನೇ ಇದೆ. ತುರ್ತು ಸಂದರ್ಭ ಬಿಟ್ಟರೆ ಅಪ್ರಾಪ್ತರಿಂದ ಭಾಷಾಂತರ ಮಾಡಿಸುವಂತಿಲ್ಲ ಎಂದು ಆರೋಗ್ಯ ಸುಧಾರಣಾ ಕಾಯ್ದೆಯಡಿ 2016ರಲ್ಲಿ ನಿಯಮ ಬಂತು. ಸರ್ಕಾರಿ ಹಣ ಪಡೆಯುವ ಚಿಕಿತ್ಸಾಲಯಗಳು ಉಚಿತವಾಗಿ ದುಭಾಷಿ ಒದಗಿಸಬೇಕು. ದೊಡ್ಡ ಆಸ್ಪತ್ರೆಗಳು ಒದಗಿಸುತ್ತವೆ. ಬೀದಿ ಮೂಲೆಯ ಎರಡು ಕುರ್ಚಿಗಳ ದಂತಚಿಕಿತ್ಸಾಲಯದಲ್ಲಿ ಸ್ಪ್ಯಾನಿಷ್ ಬಲ್ಲ ಸ್ವಾಗತಕಾರಿಣಿ ಅಂದು ರಜೆ ಹಾಕಿದ್ದರೆ ದುಭಾಷಿಯೂ ರಜೆ. ದೇಶದ ಜನಸಂಖ್ಯೆಯಲ್ಲಿ ಸುಮಾರು 19 ಪ್ರತಿಶತ ಇರುವ ಹಿಸ್ಪಾನಿಕ್ ಸಮುದಾಯದಿಂದ ಬಂದ ದಂತವೈದ್ಯರು ಒಟ್ಟು ದಂತವೈದ್ಯರಲ್ಲಿ 6 ಪ್ರತಿಶತದ ಆಸುಪಾಸು. ಈ ಕೊರತೆಯ ನಡುವೆ ಕ್ಯಾಲಿಫೋರ್ನಿಯಾದ ದಂತವೈದ್ಯ ಮಂಡಳಿ 2004ರಲ್ಲಿ ಮೆಕ್ಸಿಕೊದ ಲಿಯೋನ್ ನಗರದ ದೆ ಲಾ ಸಾಲ್ ಬಾಹಿಯೊ ವಿಶ್ವವಿದ್ಯಾಲಯದ ದಂತವೈದ್ಯ ಪದವಿಗೆ ಮಾನ್ಯತೆ ಕೊಟ್ಟಿತ್ತು.

ಕನ್ನಡಿಗರಿಗೂ ಇಲ್ಲಿ ಒಂದು ಸಣ್ಣ ನಂಟಿದೆ. ನಲವತ್ತಕ್ಕೂ ಹೆಚ್ಚು ದಂತವೈದ್ಯ ಕಾಲೇಜುಗಳಿರುವ ಕರ್ನಾಟಕದಿಂದ ಬಿಡಿಎಸ್ ಮುಗಿಸಿ ಅಮೆರಿಕಕ್ಕೆ ಹೋಗಿ, ಅಲ್ಲಿ ಮತ್ತೆ ಎರಡು-ಮೂರು ವರ್ಷ ಓದಿ ಪರವಾನಗಿ ಪಡೆಯುವವರು ಕಡಿಮೆಯೇನಿಲ್ಲ. ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ನ ಬಡ ಬಡಾವಣೆಗಳ ಚಿಕಿತ್ಸಾಲಯಗಳಲ್ಲಿ ಕೆಲಸಕ್ಕೆ ಸೇರಿದವರು ಮೊದಲು ಕಲಿಯಬೇಕಾಗುವುದು ‘ಬಾಯಿ ತೆರೆಯಿರಿ’, ‘ಎಲ್ಲಿ ನೋವು?’ ಎಂಬಷ್ಟು ಸ್ಪ್ಯಾನಿಷ್. ದಾವಣಗೆರೆಯಲ್ಲಿ ಓದಿದವರೊಬ್ಬರು ಗ್ವಾಟೆಮಾಲದ ಅಜ್ಜಿಗೆ ಹಲ್ಲಿನ ಸೆಟ್ ಕೂರಿಸುವುದು ಅಲ್ಲಿ ಯಾರಿಗೂ ಅಚ್ಚರಿಯ ಸಂಗತಿಯಾಗದು.

ಆದರೆ ಭಾಷೆ ಬಂದರೂ, ಮನಸ್ಸಿದ್ದರೂ, ದಂತವೈದ್ಯರು ಎಡವುವುದು ಬೇರೊಂದು ಕಡೆ. ಅದು ಸಮಯದ ಲೆಕ್ಕ. ಅಮೆರಿಕದ ದಂತವೈದ್ಯಕೀಯದಲ್ಲಿ ಹಣ ಸಂದಾಯವಾಗುವುದು ಮಾಡಿದ ಕೆಲಸಕ್ಕೆ. ಒಂದು ಹಲ್ಲು ತುಂಬಿದರೆ ಇಷ್ಟು, ಒಂದು ಕಿತ್ತರೆ ಇಷ್ಟು. ಗಾಲಿಕುರ್ಚಿಯಿಂದ ರೋಗಿಯನ್ನು ಇಬ್ಬರು ಎತ್ತಿ ಕೂರಿಸಲು ಹಿಡಿಯುವ ಕಾಲು ಗಂಟೆಗೆ ದರಪಟ್ಟಿಯಲ್ಲಿ ಜಾಗವಿಲ್ಲ. ಆಟಿಸಂ ಇರುವ ಮಗು ಮೊದಲ ಭೇಟಿಯಲ್ಲಿ ಕೋಣೆ ನೋಡಿ, ಎರಡನೆಯದರಲ್ಲಿ ಕುರ್ಚಿ ಮುಟ್ಟಿ, ಮೂರನೆಯದರಲ್ಲಿ ಕನ್ನಡಿಯನ್ನು ಬಾಯಿಗೆ ಬಿಟ್ಟುಕೊಂಡರೆ ಅದು ದೊಡ್ಡ ಗೆಲುವು. ಬಿಲ್ಲಿನಲ್ಲಿ ಮಾತ್ರ ಆ ಮೂರು ಭೇಟಿಗಳಿಗೆ ಬಹುತೇಕ ಸೊನ್ನೆ. ರೋಗಿಯನ್ನು ಸಮಾಧಾನಪಡಿಸುವ ಶ್ರಮಕ್ಕೆಂದೇ ಒಂದು ಕೋಡ್ ಇದೆ, ಕೆಲವು ರಾಜ್ಯಗಳು ಅದಕ್ಕೆ ಹಣವನ್ನೂ ಕೊಡುತ್ತವೆ. ಎಲ್ಲವೂ ಕೊಡುವುದಿಲ್ಲ. ಬಡವರ ಸರ್ಕಾರಿ ವಿಮೆಯಾದ ಮೆಡಿಕೇಡ್‌ನ ದರಗಳು ಮೊದಲೇ ಕಡಿಮೆ. ಹಾಗಾಗಿ ‘ಹೊಸ ರೋಗಿಗಳನ್ನು ತೆಗೆದುಕೊಳ್ಳುತ್ತಿಲ್ಲ’ ಎಂಬ ಉತ್ತರ ಕೇಳಿ ಕೇಳಿ ಮನೆಯವರಿಗೆ ಬಾಯಿಪಾಠವಾಗಿರುತ್ತದೆ.

ಕಲಿಕೆಯ ಕಥೆಯೂ ಇದಕ್ಕಿಂತ ಬೇರೆಯಲ್ಲ. ಅಂಗವಿಕಲ ರೋಗಿಗೆ ಏನು ಬೇಕೆಂದು ಅಂದಾಜು ಮಾಡುವುದನ್ನು ವಿದ್ಯಾರ್ಥಿಗಳಿಗೆ ಕಲಿಸಬೇಕೆಂದು ಅಮೆರಿಕದ ದಂತವೈದ್ಯ ಕಾಲೇಜುಗಳಿಗೆ ಮಾನ್ಯತೆ ಕೊಡುವ ಆಯೋಗ 2004ರಲ್ಲಿ ಹೇಳಿತು. ಅಂದಾಜು ಮಾಡಿದರಾಯಿತು, ಚಿಕಿತ್ಸೆ ಕೊಡಲು ಕಲಿಯಬೇಕಾಗಿರಲಿಲ್ಲ! ಅಂಗವಿಕಲರ ರಾಷ್ಟ್ರೀಯ ಮಂಡಳಿ 2017ರಲ್ಲಿ ಈ ಕೊರತೆಯ ಮೇಲೆ ಖಾರವಾದ ವರದಿಯನ್ನೇ ಬರೆಯಿತು. ಅಂಗವೈಕಲ್ಯವೊಂದನ್ನೇ ಕಾರಣ ಮಾಡಿ ರೋಗಿಯನ್ನು ವಾಪಸು ಕಳಿಸುವಂತಿಲ್ಲ ಎಂದು ಅಮೆರಿಕನ್ ಡೆಂಟಲ್ ಅಸೋಸಿಯೇಷನ್ ತನ್ನ ನೀತಿಸಂಹಿತೆಯಲ್ಲಿ ಬರೆದದ್ದು 2018ರಲ್ಲಿ. ಕಾಲೇಜುಗಳು ಚಿಕಿತ್ಸೆಯ ನಿರ್ವಹಣೆಯನ್ನೂ ಕಲಿಸಬೇಕೆಂಬ ನಿಯಮ ಜಾರಿಯಾದದ್ದು 2020ರಲ್ಲಿ. ಹಾಗೆಂದರೆ ಇಂದು ನಡುವಯಸ್ಸಿನಲ್ಲಿರುವ ಬಹುಪಾಲು ದಂತವೈದ್ಯರು ಸೆರೆಬ್ರಲ್ ಪಾಲ್ಸಿಯ ರೋಗಿಯೊಬ್ಬರಿಗೂ ಕೈಯಾರೆ ಚಿಕಿತ್ಸೆ ಮಾಡದೆಯೇ ಪದವಿ ಪಡೆದಿರಬಹುದು.

ಹಣದ ಕೈ ತಾಗಿದರೆ ಏನಾಗುತ್ತದೆ ಎನ್ನುವುದಕ್ಕೂ ಉದಾಹರಣೆಯಿದೆ. ಕುರ್ಚಿಯಲ್ಲಿ ಕೂರಲಾಗದವರಿಗೆ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಪೂರ್ಣ ಅರಿವಳಿಕೆ ಕೊಟ್ಟು ಎಲ್ಲ ಹಲ್ಲುಗಳ ಕೆಲಸವನ್ನೂ ಒಮ್ಮೆಲೇ ಮುಗಿಸುತ್ತಾರೆ. ಹಿರಿಯರ ಮತ್ತು ಅಂಗವಿಕಲರ ಸರ್ಕಾರಿ ವಿಮೆಯಾದ ಮೆಡಿಕೇರ್ ಲೆಕ್ಕದಲ್ಲಿ ಇದಕ್ಕಾಗಿ ಆಸ್ಪತ್ರೆಗೆ ಸಿಗುತ್ತಿದ್ದದ್ದು ಸುಮಾರು 200 ಡಾಲರ್. ಮಂಡಿ ಶಸ್ತ್ರಚಿಕಿತ್ಸೆಗೆ ಸಾವಿರಾರು ಡಾಲರ್ ಬರುವಾಗ ಯಾವ ಆಸ್ಪತ್ರೆ ಹಲ್ಲಿಗೆ ಥಿಯೇಟರ್ ಬಿಟ್ಟುಕೊಟ್ಟೀತು? ರೋಗಿಗಳು ತಿಂಗಳುಗಟ್ಟಲೆ ನೋವು ನುಂಗಿಕೊಂಡು ಸರದಿಯಲ್ಲಿ ಕಾಯುತ್ತಿದ್ದರು. 2023ರಲ್ಲಿ ಹೊಸ ಕೋಡ್ ತಂದು ಆ ಮೊತ್ತವನ್ನು 1,700 ಡಾಲರ್ ಆಸುಪಾಸಿಗೆ ಏರಿಸಿದರು. ಬಾಗಿಲು ತೆರೆಯುವ ಸಾಧ್ಯತೆ ಹುಟ್ಟಿದ್ದು ಆಗ.

ವಿಮೆಯ ಗೋಜಲು ಇನ್ನೂ ಹಳೆಯದು. ಬಾಲ್ಟಿಮೋರ್‌ನಲ್ಲಿ 1840ರಲ್ಲಿ ಮೊದಲ ದಂತವೈದ್ಯ ಕಾಲೇಜು ಬೇರೆಯಾಗಿ ಶುರುವಾದಾಗಿನಿಂದ ಅಮೆರಿಕದಲ್ಲಿ ಬಾಯಿಗೊಂದು ವೃತ್ತಿ, ಉಳಿದ ಮೈಗೊಂದು ವೃತ್ತಿ. 1965ರಲ್ಲಿ ಮೆಡಿಕೇರ್ ಕಾನೂನು ಬರೆದವರು ಹಲ್ಲನ್ನು ಹೊರಗಿಟ್ಟರು. ಮೆಡಿಕೇಡ್‌ನಲ್ಲಿ 21 ವರ್ಷದೊಳಗಿನವರ ಹಲ್ಲಿಗೆ ಪೂರ್ತಿ ರಕ್ಷಣೆಯುಂಟು. ವಯಸ್ಕರ ವಿಷಯ ಆಯಾ ರಾಜ್ಯದ ಮರ್ಜಿ. ಬೌದ್ಧಿಕ ಅಂಗವೈಕಲ್ಯವಿರುವ ಮಗ 21ನೇ ಹುಟ್ಟುಹಬ್ಬ ಆಚರಿಸಿದ ದಿನ ಅವನ ಅಗತ್ಯವೇನೂ ಬದಲಾಗಿರುವುದಿಲ್ಲ, ಬದಲಾಗುವುದು ವಿಮೆ ಮಾತ್ರ. ಹಿಸ್ಪಾನಿಕ್ ಜನ ಬಹಳಷ್ಟಿರುವ ಟೆಕ್ಸಾಸ್‌ನಲ್ಲಿ ವಯಸ್ಕರಿಗೆ ಸಿಗುವುದು ಬಹುಮಟ್ಟಿಗೆ ತುರ್ತು ಚಿಕಿತ್ಸೆ. ಅಂಗವಿಕಲರಿಗೆ ಹಲ್ಲಿನ ಚಿಕಿತ್ಸೆಯನ್ನೂ ಸೇರಿಸಿ ಕೊಡುವ ವಿಶೇಷ ಯೋಜನೆಗಳು ಅಲ್ಲಿವೆ, ಕಾಯುವ ಪಟ್ಟಿ ಮಾತ್ರ ಹತ್ತು ವರ್ಷಕ್ಕಿಂತ ಉದ್ದ. ಕ್ಯಾಲಿಫೋರ್ನಿಯಾ ಉದಾರ ರಾಜ್ಯವೆಂದು ಹೆಸರಾದದ್ದು. ಅದೂ 2009ರ ಆರ್ಥಿಕ ಮುಗ್ಗಟ್ಟಿನಲ್ಲಿ ವಯಸ್ಕರ ಹಲ್ಲಿಗೆ ಕತ್ತರಿ ಹಾಕಿತು. 2014ರಲ್ಲಿ ಅರ್ಧ ಕೊಟ್ಟಿತು, 2018ರಲ್ಲಿ ಪೂರ್ತಿ ಮರಳಿಸಿತು. ಆ ನಡುವಿನ ವರ್ಷಗಳಲ್ಲಿ ಹುಳುಕು ಕಾಯುತ್ತ ಕೂರಲಿಲ್ಲ.

ಪೋರ್ಟೊ ರಿಕೊದ ಕಥೆಯೇ ಬೇರೆ. ಅಮೆರಿಕದ ಆಡಳಿತಕ್ಕೆ ಒಳಪಟ್ಟ ಆ ದ್ವೀಪದಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಅಂಗವೈಕಲ್ಯವಿದೆ. ಇದು ಅಮೆರಿಕದ ಸರಾಸರಿಗಿಂತ ಬಹಳ ಹೆಚ್ಚು. ಬಡ ಅಂಗವಿಕಲರಿಗೆ ತಿಂಗಳ ಹಣ ಕೊಡುವ ಎಸ್‌ಎಸ್‌ಐ ಯೋಜನೆ ಅಲ್ಲಿನವರಿಗೆ ಅನ್ವಯಿಸುವುದಿಲ್ಲ. ಪೌರರಾದ ಮೇಲೂ ಹೀಗೇಕೆ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಏಪ್ರಿಲ್‌ನಲ್ಲಿ ಎಂಟು ನ್ಯಾಯಮೂರ್ತಿಗಳು, ಇದು ಸಂಸತ್ತಿನ ಇಷ್ಟ ಎಂದರು. ಭಿನ್ನಮತ ಬರೆದವರು ಒಬ್ಬರೇ, ಪೋರ್ಟೊ ರಿಕೊ ಮೂಲದ ತಂದೆತಾಯಿಯ ಮಗಳು ಸೋನಿಯಾ ಸೊಟೊಮೇಯರ್.

ವ್ಯವಸ್ಥೆ ಕೈಬಿಟ್ಟದ್ದೆಲ್ಲ ಬಂದು ಬೀಳುವುದು ಮನೆಯ ಮೇಲೆ. ಹಿಸ್ಪಾನಿಕ್ ಕುಟುಂಬಗಳಲ್ಲಿ ಅಂಗವಿಕಲ ಮಕ್ಕಳು ಬೆಳೆದು ದೊಡ್ಡವರಾದರೂ ಮನೆಯಲ್ಲೇ ಇರುವುದು ಹೆಚ್ಚು. ನೋಡಿಕೊಳ್ಳುವುದು ಅಮ್ಮ, ಅಕ್ಕ, ಇಲ್ಲವೇ ಅಜ್ಜಿ. ಕುಟುಂಬದ ಈ ಅಕ್ಕರೆಯನ್ನು ಹೊಗಳುವುದು ಸರ್ಕಾರಕ್ಕೂ ಸಲೀಸು, ಖರ್ಚು ಉಳಿಯುತ್ತದಲ್ಲ! ಕ್ಯಾಲಿಫೋರ್ನಿಯಾದಲ್ಲಿ 1969ರ ಲ್ಯಾಂಟರ್ಮನ್ ಕಾಯ್ದೆ ಬೌದ್ಧಿಕ ಅಂಗವೈಕಲ್ಯವಿರುವವರಿಗೆ ಸೇವೆಯನ್ನು ಹಕ್ಕಾಗಿಸಿದೆ, 21 ಪ್ರಾದೇಶಿಕ ಕೇಂದ್ರಗಳು ಅದನ್ನು ಹಂಚುತ್ತವೆ. ಅವುಗಳ ಲೆಕ್ಕಪತ್ರವೇ ಹೇಳುವಂತೆ ಬಿಳಿಯರಿಗೆ ತಲಾ ಆಗುವ ಖರ್ಚಿಗಿಂತ ಹಿಸ್ಪಾನಿಕ್ ಜನರಿಗೆ ಆಗುವ ಖರ್ಚು ಕಡಿಮೆ. ಕೇಳಲು ಗೊತ್ತಿದ್ದವರಿಗೆ ಸಿಗುತ್ತದೆ. ಕೇಳುವುದನ್ನು ಕಲಿಸಲೆಂದೇ 1978ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ‘ಫಿಯೆಸ್ತಾ ಎದುಕಾತೀವಾ’ ಎಂಬ ಸಂಸ್ಥೆ ಹುಟ್ಟಿತು. ಸ್ಪ್ಯಾನಿಷ್‌ನಲ್ಲೇ ಸಭೆ ನಡೆಸಿ, ಯಾವ ಅರ್ಜಿ ಎಲ್ಲಿ ಹಾಕಬೇಕೆಂದು ತಂದೆತಾಯಿಗಳಿಗೆ ಹೇಳಿಕೊಡುತ್ತ ಬಂದಿದೆ.

ಮನೆಯೊಳಗೆ ಹಲ್ಲುಜ್ಜಿಸುವುದು ಒಂದು ಕುಸ್ತಿ. ಇಪ್ಪತ್ತೈದು ವರ್ಷದ, ತನಗಿಂತ ಎತ್ತರದ ಮಗನ ಬಾಯಿಯೊಳಗೆ ಬ್ರಷ್ ಹಾಕುವುದೆಂದರೆ ಆಟವಲ್ಲ. ಗಾಲಿಕುರ್ಚಿಯ ಹಿಂದೆ ನಿಂತು ತಲೆಯನ್ನು ತನ್ನ ಮೈಗೆ ಒರಗಿಸಿಕೊಂಡು ಉಜ್ಜಿಸಬಹುದು. ಕೈ ಹಿಡಿತ ಸಾಲದವರಿಗೆ ಬ್ರಷ್ಷಿನ ಹಿಡಿಯನ್ನು ಟೆನಿಸ್ ಚೆಂಡಿನೊಳಗೆ ತೂರಿಸಿಯೋ ಸೈಕಲ್ ಹ್ಯಾಂಡಲಿನ ರಬ್ಬರ್ ಹಾಕಿಯೋ ದಪ್ಪ ಮಾಡಿಕೊಡಬಹುದು. ಮೂರು ಕಡೆಯಿಂದಲೂ ಏಕಕಾಲಕ್ಕೆ ಉಜ್ಜುವ ಬ್ರಷ್ಷುಗಳೂ ಇವೆ. ಅಮೆರಿಕದ ರಾಷ್ಟ್ರೀಯ ದಂತ ಸಂಶೋಧನಾ ಸಂಸ್ಥೆ ಇದನ್ನೆಲ್ಲ ಚಿತ್ರಸಹಿತ ಪುಸ್ತಿಕೆ ಮಾಡಿದೆ, ಸ್ಪ್ಯಾನಿಷ್‌ನಲ್ಲೂ ಸಿಗುತ್ತದೆ. ಆದರೆ ಪುಸ್ತಿಕೆ ಮನೆಗೆ ನಡೆದು ಬರುವುದಿಲ್ಲ. ಅದನ್ನು ತರುವವರು ‘ಪ್ರೊಮೊತೋರಾ’ಗಳು, ನಮ್ಮ ಆಶಾ ಕಾರ್ಯಕರ್ತೆಯರಂಥ ಹೆಂಗಸರು. ಅದೇ ಓಣಿಯಲ್ಲಿ ಬೆಳೆದು ಅದೇ ಭಾಷೆ ಆಡುವವರು. ಟೆಕ್ಸಾಸ್‌ನ ಗಡಿಯಂಚಿನಲ್ಲಿ ಸರಿಯಾದ ನೀರು, ಚರಂಡಿ ಕೂಡ ಇಲ್ಲದ ‘ಕೊಲೋನಿಯಾ’ ಬಡಾವಣೆಗಳ ಮನೆಬಾಗಿಲಿಗೆ ಹೋಗುವುದು ಅವರೇ.

ನಲ್ಲಿ ನೀರಿನ ವಿಷಯವನ್ನೂ ಅವರು ಎತ್ತಬೇಕಾಗುತ್ತದೆ. ಊರಿನಲ್ಲಿ ನಲ್ಲಿ ನೀರು ಕುಡಿದು ಹೊಟ್ಟೆ ಕೆಡಿಸಿಕೊಂಡ ನೆನಪಿರುವ ವಲಸಿಗರು ಅಮೆರಿಕದಲ್ಲೂ ಬಾಟಲಿ ನೀರನ್ನೇ ಕೊಳ್ಳುತ್ತಾರೆ. ಅದರಲ್ಲಿ ಹಲ್ಲು ಕಾಯುವ ಫ್ಲೋರೈಡ್ ಸಾಮಾನ್ಯವಾಗಿ ಇರುವುದಿಲ್ಲ. ಬ್ರಷ್ ಮಾಡಿಸುವುದೇ ದುಸ್ತರವಾದ ಮಗುವಿಗೆ ನೀರಿನೊಂದಿಗೆ ಪುಕ್ಕಟೆ ಸಿಗುತ್ತಿದ್ದ ರಕ್ಷಣೆಯೂ ತಪ್ಪುತ್ತದೆ. ಈಗ ನಲ್ಲಿಯಲ್ಲೂ ಅದು ನಿಲ್ಲುತ್ತಿದೆ. 2025ರಲ್ಲಿ ಮೊದಲು ಯೂಟಾ, ಅದರ ಬೆನ್ನಿಗೇ ಹಿಸ್ಪಾನಿಕ್ ಜನ ಬಹಳವಿರುವ ಫ್ಲೋರಿಡಾ ಕುಡಿಯುವ ನೀರಿಗೆ ಫ್ಲೋರೈಡ್ ಸೇರಿಸುವುದನ್ನು ನಿಷೇಧಿಸಿದವು.

ಗಡಿಯ ಹತ್ತಿರ ಇರುವವರಿಗೆ ಇನ್ನೊಂದು ದಾರಿಯಿದೆ. ಅರಿಜೋನಾದ ಯೂಮಾ ನಗರದಿಂದ ಸ್ವಲ್ಪವೇ ದೂರದಲ್ಲಿ, ಮೆಕ್ಸಿಕೊದ ಒಳಗೆ, ಲಾಸ್ ಅಲ್ಗೊದೊನೆಸ್ ಎಂಬ ಪುಟ್ಟ ಊರು. ಅಲ್ಲಿನ ಬೀದಿಗಳಲ್ಲಿ ನೂರಾರು ದಂತವೈದ್ಯರ ಬೋರ್ಡು. ‘ದವಡೆಹಲ್ಲಿನ ಪಟ್ಟಣ’ ಎಂದೇ ಅದಕ್ಕೆ ಅಡ್ಡಹೆಸರು. ಅಮೆರಿಕದಲ್ಲಿ ತೆರಬೇಕಾದ ಹಣದ ಸಣ್ಣ ಪಾಲಿನಲ್ಲಿ, ತಮ್ಮದೇ ಭಾಷೆಯಲ್ಲಿ ಕೆಲಸ ಮುಗಿಯುತ್ತದೆ. ನಡೆಯಬಲ್ಲ, ಸುಮ್ಮನೆ ಕೂರಬಲ್ಲ ರೋಗಿಗೆ ಇದು ಒಳ್ಳೆಯ ಏರ್ಪಾಡು. ವಾಪಸಾಗುವಾಗ ಗಡಿಯ ಸಾಲಿನಲ್ಲಿ ಗಂಟೆಗಟ್ಟಲೆ ಬಿಸಿಲಿನಲ್ಲಿ ನಿಲ್ಲಲಾಗದ ಮಗನನ್ನು ಕರೆದುಕೊಂಡು ಹೋಗುವುದು ಕಷ್ಟ. ವಲಸೆಯ ಕಾಗದಪತ್ರವಿಲ್ಲದ ಅಮ್ಮನಿಗಂತೂ ಆ ದಾರಿ ಒಮ್ಮುಖ.

ಹಾಗಂತ ಚಿತ್ರವೆಲ್ಲ ಕಪ್ಪಲ್ಲ. ಕಪ್ಪು ಹಿಡಿಸಿಯೇ ಹಲ್ಲು ಉಳಿಸುವ ಔಷಧಿಯೊಂದಿದೆ. ಅದು ಸಿಲ್ವರ್ ಡೈಅಮೈನ್ ಫ್ಲೋರೈಡ್. ಕೊರೆಯುವುದೂ ಬೇಡ, ಸೂಜಿಯೂ ಬೇಡ. ಹುಳುಕಿನ ಮೇಲೆ ಪುಟ್ಟ ಕುಂಚದಿಂದ ಹಚ್ಚಿದರೆ ಹುಳುಕು ಅಲ್ಲಿಗೇ ನಿಂತು ಆ ಜಾಗ ಕಪ್ಪಾಗುತ್ತದೆ. ಜಪಾನಿನಲ್ಲಿ ಸುಮಾರು 1970ರಿಂದ ಬಳಕೆಯಲ್ಲಿತ್ತು. ಕ್ಯೂಬಾದ ಸಾಂತಿಯಾಗೊ ನಗರದ ಶಾಲಾಮಕ್ಕಳಿಗೆ ಆರು ತಿಂಗಳಿಗೊಮ್ಮೆ ಹಚ್ಚಿ, ಮೂರು ವರ್ಷ ನೋಡಿದ ಪ್ರಯೋಗ 2005ರಲ್ಲಿ ಪ್ರಕಟವಾಯಿತು. ಹೊಸ ಹುಳುಕು ಗಣನೀಯವಾಗಿ ತಗ್ಗಿತ್ತು. ಅಮೆರಿಕದ ಅನುಮತಿ ಸಿಕ್ಕಿದ್ದು 2014ರಲ್ಲಿ, ಅದೂ ಹಲ್ಲು ಜುಮ್ಮೆನ್ನುವುದಕ್ಕೆ ಔಷಧಿ ಎಂಬ ನೆಪದಲ್ಲಿ. ಒಂದು ನಿಮಿಷ ಬಾಯಿ ತೆರೆಯಬಲ್ಲ ಮಗುವಿಗೆ ಅರಿವಳಿಕೆ ತಪ್ಪಿಸಬಲ್ಲ ಸಾಧನವಿದು. ಮುಂದಿನ ಹಲ್ಲು ಕಪ್ಪಾದರೆ ಜನ ಏನೆಂದಾರು ಎಂಬ ಅಳುಕು ಮನೆಯವರಿಗೆ ಇದ್ದೇ ಇರುತ್ತದೆ, ಅದು ಸಹಜ. ಅವರ ಭಾಷೆಯಲ್ಲಿ ಬಿಡಿಸಿ ಹೇಳಿ ಒಪ್ಪಿಗೆ ಪಡೆಯಲು ಮತ್ತೆ ಬೇಕಾಗುವುದು ಸಮಯವೇ.

ಕ್ಯಾಲಿಫೋರ್ನಿಯಾದ ಪೆಸಿಫಿಕ್ ವಿಶ್ವವಿದ್ಯಾಲಯದಲ್ಲಿದ್ದ ಪಾಲ್ ಗ್ಲಾಸ್‌ಮನ್ ಇನ್ನೊಂದು ದಾರಿ ತೋರಿಸಿದರು. ರೋಗಿ ಚಿಕಿತ್ಸಾಲಯಕ್ಕೆ ಬರುವ ಬದಲು ದಂತಶುಚಿಕಾರ್ತಿಯೇ ಪೆಟ್ಟಿಗೆಯೊಂದಿಗೆ ಅಂಗವಿಕಲರ ವಸತಿಗೃಹಕ್ಕೋ ಶಾಲೆಗೋ ಹೋಗುತ್ತಾಳೆ. ಎಕ್ಸ್‌ರೇ, ಫೋಟೊ ತೆಗೆದು ಅಂತರ್ಜಾಲದಲ್ಲಿ ಕಳಿಸುತ್ತಾಳೆ. ದೂರದಲ್ಲಿ ಕುಳಿತ ದಂತವೈದ್ಯರು ನೋಡಿ ಏನು ಮಾಡಬೇಕೆಂದು ಹೇಳುತ್ತಾರೆ. ಶುಚಿ ಮಾಡುವುದು, ಫ್ಲೋರೈಡ್ ಹಚ್ಚುವುದು, ತಾತ್ಕಾಲಿಕವಾಗಿ ತುಂಬುವುದು ಎಲ್ಲ ಅಲ್ಲೇ, ರೋಗಿಗೆ ಪರಿಚಿತವಾದ ಕೋಣೆಯಲ್ಲೇ. ಬಹುತೇಕರಿಗೆ ಚಿಕಿತ್ಸಾಲಯದ ಮೆಟ್ಟಿಲು ಹತ್ತುವ ಅಗತ್ಯವೇ ಬೀಳುವುದಿಲ್ಲ. 2014ರಲ್ಲಿ ರಾಜ್ಯ ಇದಕ್ಕೆ ಕಾನೂನಿನ ಬಲ ಕೊಟ್ಟು, ಮೆಡಿಕೇಡ್ ಹಣ ಸಿಗುವಂತೆ ಮಾಡಿತು. ದೇಶದ ಇನ್ನೊಂದು ತುದಿಯಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ದಂತವೈದ್ಯ ಕಾಲೇಜು 2019ರಲ್ಲಿ ಅಂಗವಿಕಲರಿಗೆಂದೇ 8,000 ಚದರಡಿಯ ಕೇಂದ್ರ ತೆರೆಯಿತು. ಅಲ್ಲಿ ಗಾಲಿಕುರ್ಚಿಯಿಂದ ಇಳಿಯದೆಯೇ, ಕುರ್ಚಿ ಸಮೇತ ಹಿಂದಕ್ಕೆ ಬಾಗಿಸಿ ಹಲ್ಲು ನೋಡುವ ಸೌಲಭ್ಯವಿದೆ. ವಿದ್ಯಾರ್ಥಿಗಳೂ ಅಲ್ಲೇ ಕೈ ಪಳಗಿಸಿಕೊಳ್ಳುತ್ತಾರೆ.

ಆದರೆ ಬಾಗಿಲು ತೆರೆದಿದ್ದರೂ ಒಳಗೆ ಕಾಲಿಡಲು ಹೆದರುವವರಿದ್ದಾರೆ. ಸರ್ಕಾರಿ ವಿಮೆ ಬಳಸಿದವರಿಗೆ ಕಾಯಂ ನಿವಾಸದ ಪತ್ರ ನಿರಾಕರಿಸಬಹುದೆಂಬ ನಿಯಮವನ್ನು ಟ್ರಂಪ್ ಆಡಳಿತ 2020ರಲ್ಲಿ ಜಾರಿಗೆ ತಂದಿತ್ತು. ಅಂಗವೈಕಲ್ಯವೂ ಅರ್ಜಿದಾರರ ವಿರುದ್ಧ ಎಣಿಕೆಯಾಗುತ್ತಿತ್ತು. 2021ರಲ್ಲಿ ಅದನ್ನು ಕೈಬಿಟ್ಟರೂ ಹೆದರಿಕೆ ಹೋಗಲಿಲ್ಲ. ಅಮೆರಿಕದಲ್ಲೇ ಹುಟ್ಟಿ ಎಲ್ಲ ಹಕ್ಕೂ ಇರುವ ಮಕ್ಕಳ ಹೆಸರನ್ನೂ ಎಷ್ಟೋ ತಂದೆತಾಯಿಗಳು ಪಟ್ಟಿಯಿಂದ ತೆಗೆಸಿದರು.

ಕ್ಯಾಲಿಫೋರ್ನಿಯಾ ಮಾತ್ರ ಹಂತಹಂತವಾಗಿ, ಕಾಗದಪತ್ರ ಇರಲಿ ಬಿಡಲಿ, ಬಡವರೆಲ್ಲರಿಗೂ ಮೆಡಿ-ಕ್ಯಾಲ್ ಎಂಬ ತನ್ನ ಮೆಡಿಕೇಡ್ ವಿಮೆಯನ್ನು ವಿಸ್ತರಿಸಿತು. 2016ರಲ್ಲಿ ಮಕ್ಕಳಿಗೆ, 2020ರಲ್ಲಿ ತರುಣರಿಗೆ, 2022ರಲ್ಲಿ ಐವತ್ತು ದಾಟಿದವರಿಗೆ, 2024ರ ಜನವರಿಯಲ್ಲಿ ಉಳಿದವರಿಗೆ. ಒಂದೂವರೆ ವರ್ಷ ಕಳೆಯುವುದರೊಳಗೆ ಬಜೆಟ್ಟಿನಲ್ಲಿ ಹಣ ಸಾಲದಾಯಿತು. 2025ರ ಬಜೆಟ್ ಒಪ್ಪಂದದಲ್ಲಿ ಕಾಗದಪತ್ರವಿಲ್ಲದ ವಯಸ್ಕರ ಹೊಸ ನೋಂದಣಿಯನ್ನು 2026ರ ಜನವರಿಯಿಂದ ನಿಲ್ಲಿಸಲು ತೀರ್ಮಾನವಾಯಿತು. ಈಗಾಗಲೇ ಪಟ್ಟಿಯಲ್ಲಿರುವವರಿಗೆ ಡಾಕ್ಟರು, ಆಸ್ಪತ್ರೆ, ಔಷಧಿ ಮುಂದುವರಿಯುತ್ತದೆ. ಅವರಿಂದ ಕಳೆಯಲು ಆರಿಸಿಕೊಂಡದ್ದು ಹಲ್ಲನ್ನು. 2026ರ ಜುಲೈ 1ರಿಂದ ಅವರ ಬಾಯಿಗೆ ಉಳಿಯುವುದು ತುರ್ತು ಚಿಕಿತ್ಸೆ ಮಾತ್ರ. ಅಂದರೆ, ಹಲ್ಲು ಉಳಿಸಬಹುದಾದಷ್ಟು ದಿನ ಹಣವಿಲ್ಲ, ಕೀಳಲೇಬೇಕಾದ ದಿನ ಹಣವಿದೆ.